‘ಸೆಲೆನೈಟ್’ ಅಲ್ಲ, ‘ಸೆಲೆನೈಡ್’: ದಯವಿಟ್ಟು ತಿದ್ದಿ ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ, ಅಡಿಕೆ ಧಾರಣೆಯ ಪಕ್ಕದ ಸಣ್ಣ ಚೌಕದಲ್ಲಿ, ‘ಬೆಂಕಿಯಲ್ಲಿ ಹುಟ್ಟುವ ಅಪರೂಪದ ಕೆಂಪು ಲೋಹ’ ಅಂತ ಒಂದು ಸುದ್ದಿ ಬಂದಿತ್ತು. ಅದರ ಹೆಸರು ಲ್ಯಾಫಮೈಟ್. ‘ಇದು ಆರ್ಸೆನಿಕ್ ಸೆಲೆನೈಟ್’ ಅಂತ ಬರೆದು, ಮೇಲೆ ಬೆಳ್ಳಗೆ ಹೊಳೆಯುವ ಉದ್ದುದ್ದ ಹರಳುಗಳ ಫೋಟೋ ಹಾಕಿದ್ದಿರಿ. ಸುದ್ದಿ ಕೆಂಪು ಕಲ್ಲಿನದು, ಫೋಟೋ ಬಿಳಿ ಕಲ್ಲಿನದು. ಸುಮ್ನೆ ನಕ್ಕು ಪುಟ ಮಗುಚಬಹುದಿತ್ತು. ಆದರೆ ಎರಡು ದಿನ ಬಿಟ್ಟು ಹೊಸನಗರ ಕಡೆಯ ಗಿರಾಕಿಯೊಬ್ಬರು ಪಹಣಿ ಜೆರಾಕ್ಸ್ ಮಾಡಿಸಲು ಬಂದವರು ಚೀಲದಿಂದ ಒಂದು ಪೊಟ್ಟಣ ತೆಗೆದರು. ನಿಮ್ಮದೇ ಸುದ್ದಿಯ ಹಾಳೆಯಲ್ಲಿ ಸುತ್ತಿದ ಕೆಂಪು ಕಲ್ಲು! “ನೀವು ಕಲ್ಲಿನ ವಿಷಯ ಓದಿದವರಲ್ವಾ, ಇದು ಅದೇನಾ ನೋಡಿ ಮಾರಾಯ್ರೆ” ಅಂದರು. ಅವರಿಗೆ ಹೇಳಿದ್ದನ್ನೇ ನಿಮಗೂ ಬರೆದು ಕಳಿಸೋಣ ಅನ್ನಿಸಿತು.

ನಾನು ಭೂಗರ್ಭಶಾಸ್ತ್ರದಲ್ಲಿ ಬಿಎಸ್ಸಿ ಮಾಡಿ, ಕೆಲಸ ಸಿಗದೆ ಶಿವಮೊಗ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಈ ವಿಷಯ ನನ್ನ ಎರಡೂ ಬದುಕಿಗೆ ಸಂಬಂಧಪಟ್ಟದ್ದು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಗಿರಾಕಿಯ ಕಲ್ಲು. ಬಚ್ಚಲಿಗೆ ಹಾಕಿ ಉಳಿದಿದ್ದ ಒಂದು ಟೈಲ್ಸ್ ತುಂಡು ಅಂಗಡಿಯ ಹಿಂದೆ ಇತ್ತು. ಅದರ ಒರಟು ಹಿಂಬದಿಗೆ ಕಲ್ಲನ್ನು ಉಜ್ಜಿದೆ. ಕಂದುಗೆಂಪು ಗೆರೆ ಬಿತ್ತು, ಥೇಟ್ ಕಾವಿ ಮಣ್ಣಿನ ಬಣ್ಣ. ಅಂದರೆ ಕಬ್ಬಿಣ. ನಮ್ಮ ಕಡೆ ಜಂಬಿಟ್ಟಿಗೆ ಕಡಿಯುವಲ್ಲೆಲ್ಲ ಇಂಥದ್ದು ರಾಶಿ ಸಿಗುತ್ತದೆ. ಮಳೆ ಲಕ್ಷಾಂತರ ವರ್ಷ ಉಳಿದದ್ದನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಮಾತ್ರ ಹಿಂದೆ ಉಳಿದು ಆದ ಕೆಂಪು ಅದು. ಲ್ಯಾಫಮೈಟ್ ಆಗಿದ್ದರೆ ಗೆರೆ ಕಿತ್ತಳೆ ಛಾಯೆಯ ಕೆಂಪು ಇರುತ್ತಿತ್ತು. ಜೊತೆಗೆ ಅದು ಎಷ್ಟು ಮೆದು ಅಂದರೆ ಉಗುರಿನಲ್ಲೇ ಗೀರು ಬೀಳುತ್ತದೆ. ಮೋಹ್ಸ್ ಮಾಪನದಲ್ಲಿ ಅದರ ಗಡಸುತನ 1ರಿಂದ 2, ನಮ್ಮ ಉಗುರಿನದು ಸುಮಾರು 2.5. ಹಾಗಂತ ಯಾರೂ ಉಗುರು ಹಾಕಿ ನೋಡಬೇಡಿ. ಅದರ ತೂಕದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಪಾಲು ಆರ್ಸೆನಿಕ್. ನಾವು ಪಾಷಾಣ ಅನ್ನುವುದು ಆ ಆರ್ಸೆನಿಕ್‌ನದೇ ಒಂದು ರೂಪ. ನಿಮ್ಮ ಸುದ್ದಿಯಲ್ಲಿ ಈ ಒಂದು ಮಾತೇ ಇರಲಿಲ್ಲ. ‘ಅಪರೂಪ’ ಅನ್ನುವುದು ಮಾತ್ರ ದಪ್ಪಕ್ಷರದಲ್ಲಿತ್ತು. ಅಪರೂಪ ಅಂದ ಕೂಡಲೇ ಜನ ಬೆಲೆ ಲೆಕ್ಕ ಹಾಕುತ್ತಾರೆ, ಅದು ಅವರ ತಪ್ಪಲ್ಲ.

ಈಗ ಟ ಮತ್ತು ಡ ವಿಚಾರ. ಕಲ್ಲಿನವರ ಭಾಷೆಯಲ್ಲಿ ಸೆಲೆನೈಟ್ ಅಂದರೆ ಜಿಪ್ಸಂ. ಗೊಬ್ಬರದ ಅಂಗಡಿಯಲ್ಲಿ ಚೀಲದಲ್ಲಿ ಸಿಗುತ್ತದಲ್ಲ, ಅದೇ ಜಿಪ್ಸಂ ಚೆನ್ನಾಗಿ ಹರಳುಗಟ್ಟಿದರೆ ಸೆಲೆನೈಟ್. ಅದರಲ್ಲಿ ಸೆಲೆನಿಯಂ ಇರುವುದೇ ಇಲ್ಲ. ಕ್ಯಾಲ್ಸಿಯಂ, ಗಂಧಕ, ಆಮ್ಲಜನಕ, ನೀರು, ಅಷ್ಟೇ. ಬೆಳದಿಂಗಳಂತೆ ಹೊಳೆಯುತ್ತದೆ ಅಂತ ಗ್ರೀಕರ ಚಂದ್ರನ ಹೆಸರು ಬಂತು. ಸೆಲೆನಿಯಂ ಅನ್ನುವ ಧಾತು ಸಿಕ್ಕಿದ್ದು ಬಹಳ ಆಮೇಲೆ, 1817ರಲ್ಲಿ, ಸ್ವೀಡನ್ನಿನ ಬರ್ಜೀಲಿಯಸ್‌ಗೆ. ಗಂಧಕಾಮ್ಲದ ಕಾರ್ಖಾನೆಯ ಗಸಿಯಲ್ಲಿ ಕೊಳೆತ ಮೂಲಂಗಿಯಂಥ ವಾಸನೆ ಬಂದು, ಮೊದಲು ಅವರು ಅದನ್ನು ಟೆಲ್ಯೂರಿಯಂ ಅನ್ನುವ ಇನ್ನೊಂದು ಧಾತು ಅಂದುಕೊಂಡಿದ್ದರು. ಟೆಲ್ಯೂರಿಯಂಗೆ ಭೂಮಿಯ ಹೆಸರು ಇತ್ತು, ಅದರ ಜೊತೆಗಾರನಿಗೆ ಚಂದ್ರನ ಹೆಸರು ಇಟ್ಟರು. ಇನ್ನು ರಸಾಯನಶಾಸ್ತ್ರದವರು ಸೆಲೆನೈಟ್ ಅಂದರೆ ಸೆಲೆನಿಯಂ ಜೊತೆ ಆಮ್ಲಜನಕ ಸೇರಿದ ಲವಣ. ಯಾವ ಅರ್ಥ ಹಿಡಿದರೂ ನಿಮ್ಮ ಸುದ್ದಿಗೆ ಹೊಂದುವುದಿಲ್ಲ. ಬೇಕಾಗಿದ್ದದ್ದು ಸೆಲೆನೈಡ್: ಆಮ್ಲಜನಕದ ಸುಳಿವಿಲ್ಲದೆ, ಎರಡು ಪಾಲು ಆರ್ಸೆನಿಕ್ ಮೂರು ಪಾಲು ಸೆಲೆನಿಯಂ ನೇರವಾಗಿ ಕೈಹಿಡಿದದ್ದು. ಫೋಟೋ ತಪ್ಪಿದ್ದೂ ಇದೇ ಟಕಾರದಿಂದ ಇರಬೇಕು. ಯಾರೋ ಮೊಬೈಲಿನಲ್ಲಿ ‘ಸೆಲೆನೈಟ್’ ಅಂತ ಹುಡುಕಿದ್ದಾರೆ, ಬಿಳಿ ಹರಳು ಬಂದಿದೆ, ಹಾಕಿದ್ದಾರೆ.

‘ಲೋಹ’ ಅನ್ನುವುದೂ ತಪ್ಪು. ಲ್ಯಾಫಮೈಟ್ ಖನಿಜ. ಅದರೊಳಗಿನ ಸೆಲೆನಿಯಂ ಅಲೋಹ, ಆರ್ಸೆನಿಕ್ ಅರೆಲೋಹ. ಧಾತುಗಳ ಪಟ್ಟಿಯಲ್ಲಿ ಇವೆರಡು 33 ಮತ್ತು 34, ಒಂದೇ ಸಾಲಿನ ಅಕ್ಕಪಕ್ಕದ ಮನೆ.

ನಿಮ್ಮ ವರದಿಗಾರರು ಇಂಗ್ಲಿಷಿನಿಂದ ಇಳಿಸಿಕೊಳ್ಳುವ ಬದಲು ಸಾಗರ ಕಡೆಯ ಯಾವುದಾದರೂ ಹಳೆಯ ಯಕ್ಷಗಾನದ ಚೌಕಿಯಲ್ಲಿ ಕೇಳಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ನಮ್ಮ ದೊಡ್ಡಪ್ಪ ವೇಷ ಕಟ್ಟುತ್ತಿದ್ದರು. ಅವರ ಬಣ್ಣದ ಪೆಟ್ಟಿಗೆಯಲ್ಲಿ ಇಂಗಳೀಕ, ಕಾಡಿಗೆಯ ಜೊತೆ ಅರದಾಳದ ಒಂದು ಗಟ್ಟಿ ಇರುತ್ತಿತ್ತು. ಚಿನ್ನದಂಥ ಹಳದಿ. ಅಂಚಿನಲ್ಲಿ ಅಭ್ರಕದ ಹಾಗೆ ಪದರ ಪದರ. ಬೆರಳು ತಾಗಿಸಿದರೆ ಸಣ್ಣ ಚಕ್ಕೆ ಎದ್ದು ಅಂಟಿಕೊಳ್ಳುತ್ತಿತ್ತು. ಮುಟ್ಟಿದ ಮಕ್ಕಳಿಗೆಲ್ಲ ದೊಡ್ಡಮ್ಮ ಬೈದು ಕೈ ತೊಳೆಸುತ್ತಿದ್ದರು. ಕಲ್ಲಿನ ಮೇಲೆ ತೇಯ್ದು ಅದನ್ನು ಮುಖದ ಬಣ್ಣಕ್ಕೆ ಬೆರೆಸುವುದು. ಸಂಸ್ಕೃತದವರು ಹರಿತಾಳ ಅಂತಾರೆ. ಹಿಂದೆ ಕಾಗದದ ಕೈಬರಹದ ಪುಸ್ತಕಗಳಲ್ಲಿ ತಪ್ಪು ಅಕ್ಷರದ ಮೇಲೆ ಇದನ್ನೇ ಬಳಿದು ಮುಚ್ಚಿ, ಮೇಲೆ ಸರಿಯಾದದ್ದು ಬರೆಯುತ್ತಿದ್ದರಂತೆ. ನಿಮ್ಮ ಕಚೇರಿಗೂ ಒಂದು ಗಟ್ಟಿ ಕಳಿಸಬೇಕಿತ್ತು, ಬಿಡಿ.

ಆ ಅರದಾಳ ಅಂದರೆ ಎರಡು ಆರ್ಸೆನಿಕ್, ಮೂರು ಗಂಧಕ. ಅದರಲ್ಲಿ ಗಂಧಕದ ಜಾಗಕ್ಕೆ ಸೆಲೆನಿಯಂ ಬಂದು ಕೂತರೆ ಲ್ಯಾಫಮೈಟ್. ಒಳಗಿನ ಜೋಡಣೆ ಎರಡರದೂ ಒಂದೇ. ಪರಮಾಣುಗಳು ಹಾಳೆ ಹಾಳೆಯಾಗಿ ಕೂತಿರುತ್ತವೆ. ಹಾಳೆಯೊಳಗೆ ಹಿಡಿತ ಗಟ್ಟಿ, ಹಾಳೆ ಹಾಳೆಗಳ ನಡುವೆ ಸಡಿಲ. ದೊಡ್ಡಪ್ಪನ ಗಟ್ಟಿಯಿಂದ ಚಕ್ಕೆ ಏಳುತ್ತಿದ್ದದ್ದು ಅದಕ್ಕೇ. ಲ್ಯಾಫಮೈಟ್ ಮೆದುವಾಗಿದ್ದು ಒಂದೇ ದಿಕ್ಕಿನಲ್ಲಿ ಸಲೀಸಾಗಿ ಸೀಳುವುದೂ ಅದಕ್ಕೇ. ಬದಲಾಗುವುದು ತೂಕ ಮತ್ತು ಬಣ್ಣ. ಅರದಾಳ ನೀರಿಗಿಂತ ಮೂರೂವರೆ ಪಟ್ಟು ಭಾರ, ಇದು ಸುಮಾರು ನಾಲ್ಕೂವರೆ ಪಟ್ಟು. ಅರದಾಳ ಬೆಳಕಿನಲ್ಲಿ ನೀಲಿಯ ಕಡೆಯದನ್ನು ನುಂಗಿ ಉಳಿದದ್ದನ್ನು ಬಿಡುತ್ತದೆ, ನಮಗೆ ಹಳದಿ ಕಾಣುತ್ತದೆ. ಲ್ಯಾಫಮೈಟ್‌ಗೆ ಹಸಿವು ಜಾಸ್ತಿ. ಹಸಿರನ್ನೂ ನುಂಗಿ ಕೆಂಪು ಮಾತ್ರ ಉಳಿಸುತ್ತದೆ.

ವರ್ಗೀಕರಣದಲ್ಲಿ ಇದನ್ನು ಎಲ್ಲಿ ಇಡುತ್ತಾರೆ ಅಂದರೆ, ಸಲ್ಫೈಡ್‌ಗಳ ವರ್ಗದಲ್ಲಿ, ಅರದಾಳದ ಪಕ್ಕದಲ್ಲಿ. ಸಲ್ಫೈಡ್ ಅಂದರೆ ಗಂಧಕದ್ದು, ಇದು ಸೆಲೆನಿಯಂನದು, ಹಾಗಾದರೆ ಅಲ್ಲೇಕೆ ಅಂತ ನಾನೂ ಕಾಲೇಜಿನಲ್ಲಿ ಕೇಳಿ ಬೈಸಿಕೊಂಡಿದ್ದೆ. ಗಂಧಕ, ಸೆಲೆನಿಯಂ, ಟೆಲ್ಯೂರಿಯಂ ಒಂದೇ ಮನೆತನದವು, ಒಂದರ ಜಾಗದಲ್ಲಿ ಇನ್ನೊಂದು ಆರಾಮಾಗಿ ಕೂರುತ್ತದೆ. ಹಾಗಾಗಿ ಮೂವರಿಗೂ ಒಂದೇ ಚಾವಡಿ. ನಿಜವಾದ ಲ್ಯಾಫಮೈಟ್‌ನಲ್ಲೂ ಸ್ವಲ್ಪ ಗಂಧಕ ಬೆರೆತೇ ಇರುತ್ತದೆ. ಹಾಗಾದರೆ ಎಲ್ಲಿವರೆಗೆ ಅರದಾಳ, ಎಲ್ಲಿಂದ ಲ್ಯಾಫಮೈಟ್? ಅದಕ್ಕೆ ಪಂಚಾಯ್ತಿ ಲೆಕ್ಕ: ಆ ಜಾಗಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಯಾರು ಕೂತಿದ್ದಾರೋ ಅವರ ಹೆಸರು. ಸೆಲೆನಿಯಂಗೆ ಬಹುಮತ ಬಂದರೆ ಲ್ಯಾಫಮೈಟ್.

‘ಬೆಂಕಿಯಲ್ಲಿ ಹುಟ್ಟುವ’ ಅಂದದ್ದು ಮಾತ್ರ ಸರಿ. ಸುದ್ದಿಯಲ್ಲಿ ನನಗೆ ಖುಷಿ ಕೊಟ್ಟ ಭಾಗವೂ ಅದೇ. ಅದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬರ್ನ್‌ಸೈಡ್ ಅಂತ ಊರು. ಅಲ್ಲಿ ಗಣಿಯಿಂದ ಒಳ್ಳೆ ಕಲ್ಲಿದ್ದಲು ಆರಿಸಿಕೊಂಡು ಉಳಿದ ಕಸ ಕಲ್ಲನ್ನು ಗುಡ್ಡೆ ಹಾಕಿದ್ದರು. ಆ ಗುಡ್ಡೆಗೆ ಬೆಂಕಿ ಹಿಡಿದಿತ್ತು. ನಮ್ಮಲ್ಲಿ ತೋಟದವರು ಸುಡುಮಣ್ಣು ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದರಗು, ಕಸಕಡ್ಡಿ ಪೇರಿಸಿ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ, ಉರಿ ಕಾಣದೆ ಒಳಗೊಳಗೇ ದಿನಗಟ್ಟಲೆ ಬೇಯುತ್ತದೆ, ಎಲ್ಲೋ ಒಂದು ಬಿರುಕಿನಿಂದ ಹೊಗೆ ಬರುತ್ತಿರುತ್ತದೆ, ಆ ಬಿರುಕಿನ ಬಾಯಲ್ಲಿ ಕರೆ ಕಟ್ಟಿರುತ್ತದೆ. ಕಲ್ಲಿದ್ದಲ ಗುಡ್ಡೆಯೂ ಹಾಗೇ, ಆದರೆ ಅದು ವರ್ಷಗಟ್ಟಲೆ ಬೇಯುತ್ತದೆ. ಕಲ್ಲಿದ್ದಲಿನಲ್ಲಿ ಚೂರುಪಾರು ಇರುವ ಆರ್ಸೆನಿಕ್, ಸೆಲೆನಿಯಂ, ಗಂಧಕ ಕಾವಿಗೆ ಆವಿಯಾಗಿ ಮೇಲೆ ಬರುತ್ತವೆ. ಬಿರುಕಿನ ಬಾಯಲ್ಲಿ ತಣ್ಣನೆ ಗಾಳಿ ತಾಗಿ ಹರಳುಗಟ್ಟುತ್ತವೆ. ಕಡುಗೆಂಪು ಹರಳು. 1986ರಲ್ಲಿ ಅದನ್ನು ಹೊಸ ಖನಿಜ ಅಂತ ವಿವರಿಸಿ, ಪೆನ್ಸಿಲ್ವೇನಿಯಾದ ಭೂವಿಜ್ಞಾನ ಇಲಾಖೆಯಲ್ಲಿ ಖನಿಜತಜ್ಞರಾಗಿದ್ದ ಡೇವಿಸ್ ಲ್ಯಾಫಮ್ ಅವರ ಹೆಸರು ಇಟ್ಟರು. ‘ವಿಜ್ಞಾನಿಗಳು ಈಗ ಪತ್ತೆ ಮಾಡಿದ್ದಾರೆ’ ಅಂತ ನೀವು ಬರೆದದ್ದಕ್ಕೆ ಇದೇ ಉತ್ತರ.

ಇಲ್ಲೊಂದು ತಕರಾರು ಇದೆ. ಖನಿಜ ಅಂದರೆ ಪ್ರಕೃತಿ ತಾನಾಗಿ ಮಾಡಿದ್ದು ಅಲ್ವಾ? ಕಸದ ಗುಡ್ಡೆ ಹಾಕಿದ್ದು ಮನುಷ್ಯ, ಬೆಂಕಿ ಬಿದ್ದದ್ದು ಯಾರಿಂದಲೋ, ತಾನಾಗಿಯೋ, ಯಾರು ಹೇಳಬೇಕು? ಈ ಜಗಳ ಸಾಕು ಅಂತ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘ 1998ರ ನಿಯಮಗಳಲ್ಲಿ, ಇನ್ನು ಮುಂದೆ ಇಂಥ ಉರಿಯಿಂದ ಹುಟ್ಟಿದ್ದನ್ನು ಸಾಮಾನ್ಯವಾಗಿ ಖನಿಜ ಅಂತ ಒಪ್ಪುವುದಿಲ್ಲ ಅಂದುಬಿಟ್ಟಿತು. ಲ್ಯಾಫಮೈಟ್ ಅದಕ್ಕೆ ಮೊದಲೇ ಪಟ್ಟಿ ಸೇರಿತ್ತು, ಉಳಿದುಕೊಂಡಿತು. ಇಂದು ಅದೇ ಗುಡ್ಡೆಯಲ್ಲಿ ಅದು ಮೊದಲ ಸಲ ಸಿಕ್ಕಿದ್ದರೆ ಹೆಸರು ಸಿಗುವುದು ಕಷ್ಟವಿತ್ತು. ಅದರ ಹಿರಿಯ ನೆಂಟನೊಬ್ಬನಿದ್ದಾನೆ, ಜೆರೋಮೈಟ್. 1928ರಲ್ಲಿ ಅರಿಜೋನಾದ ಜೆರೋಮ್ ಊರಿನ ಉರಿಯುತ್ತಿದ್ದ ತಾಮ್ರದ ಗಣಿಯಲ್ಲಿ ಸಿಕ್ಕಿದ್ದು. ಅದರಲ್ಲೂ ಆರ್ಸೆನಿಕ್, ಗಂಧಕ, ಸೆಲೆನಿಯಂ. ಆದರೆ ಒಳಗೆ ಹರಳಿನ ಜೋಡಣೆಯೇ ಇಲ್ಲ. ಇವತ್ತಿಗೂ ಅನುಮಾನದ ಪಟ್ಟಿಯಲ್ಲೇ ಇದೆ ಪಾಪ.

ಹರಳಿಲ್ಲದ ಆರ್ಸೆನಿಕ್ ಸೆಲೆನೈಡ್ ಅಂದಾಗ ನನ್ನ ಅಂಗಡಿ ನೆನಪಾಗುತ್ತದೆ. ಕರಗಿಸಿ ಬೇಗ ತಣಿಸಿದರೆ ಇದು ಹರಳಾಗುವುದಿಲ್ಲ, ಗಾಜಾಗುತ್ತದೆ. ಆ ಗಾಜು ನಮ್ಮ ಕಣ್ಣಿಗೆ ಕಪ್ಪು. ಆದರೆ ಶಾಖದ ಕಿರಣ ಅದರೊಳಗೆ ಸಲೀಸಾಗಿ ಹಾಯುತ್ತದೆ, ಕತ್ತಲಲ್ಲಿ ಮೈಕಾವು ನೋಡುವ ಕ್ಯಾಮೆರಾಗಳ ಮಸೂರಕ್ಕೆ ಬಳಸುತ್ತಾರೆ. ಇನ್ನು ಜೆರಾಕ್ಸ್ ಮಷಿನ್. 1959ರಲ್ಲಿ ಬಂದ ಜೆರಾಕ್ಸ್ 914ರ ಡ್ರಮ್ ಮೇಲೆ ಸೆಲೆನಿಯಂ ಲೇಪ ಇತ್ತು. ಆಮೇಲಿನ ಕೆಲವು ಮಷಿನ್‌ಗಳ ಡ್ರಮ್ಮಿಗೆ ಆರ್ಸೆನಿಕ್ ಸೆಲೆನೈಡನ್ನೇ ತೆಳ್ಳಗೆ ಬಳಿದಿದ್ದರು. ಕತ್ತಲಲ್ಲಿ ಆ ಲೇಪ ವಿದ್ಯುತ್ತನ್ನು ಹಿಡಿದುಕೊಂಡಿರುತ್ತದೆ. ಬೆಳಕು ಬಿದ್ದ ಕಡೆ ಬಿಟ್ಟುಬಿಡುತ್ತದೆ. ಕಾಗದದ ಬಿಳಿ ಭಾಗದಿಂದ ಬೆಳಕು ಹೊಳೆದು ಬರುತ್ತದೆ, ಅಕ್ಷರದ ಕಪ್ಪಿನಿಂದ ಬರುವುದಿಲ್ಲ. ಹಾಗಾಗಿ ಅಕ್ಷರ ಇದ್ದ ಜಾಗದಲ್ಲಿ ಮಾತ್ರ ವಿದ್ಯುತ್ತು ಉಳಿದು ಟೋನರ್ ಪುಡಿ ಅಂಟುತ್ತದೆ. ಈಗ ಡ್ರಮ್ಮಿಗೆಲ್ಲ ಬೇರೆ ಸಾವಯವ ಲೇಪ ಬಂದಿದೆ. ನಾನು ಮೊದಲು ಕೊಂಡ ಸೆಕೆಂಡ್‌ಹ್ಯಾಂಡ್ ಮಷಿನ್ನಿನ ಹಳೆ ಡ್ರಮ್ಮು ಮಾತ್ರ ಹಾಗಲ್ಲ. ಕನ್ನಡಿಯಂತೆ ಹೊಳೆಯುತ್ತಿತ್ತು. ರಿಪೇರಿಯವನು ಅದನ್ನು ಬಟ್ಟೆಯಲ್ಲಿ ಸುತ್ತಿ, “ಗೀರಬೇಡಿ, ಸುಡಬೇಡಿ, ಗುಜರಿಗೆ ಹಾಕಬೇಡಿ” ಅಂದಿದ್ದ. ಯಾಕೆ ಅಂತ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ, ಆದರೆ ನಿಮ್ಮ ಸುದ್ದಿಗಿಂತ ಅವನ ಮಾತು ಉಪಯೋಗದ್ದು.

ತಿದ್ದುಪಡಿ ಹಾಕುವುದಾದರೆ ಎರಡು ಕೋರಿಕೆ. ಸುದ್ದಿ ಬಂದ ಜಾಗದಲ್ಲೇ, ಅಡಿಕೆ ಧಾರಣೆಯ ಪಕ್ಕದಲ್ಲೇ ಹಾಕಿ. ಸಂಪಾದಕೀಯ ಪುಟದ ಮೂಲೆಯಲ್ಲಿ ಹಾಕಿದರೆ ಹೊಸನಗರದವರು ಓದುವುದಿಲ್ಲ. ಎರಡನೆಯದು, ‘ಅರದಾಳದ ಜಾತಿಯ ಖನಿಜ, ವಿಷ’ ಅಂತ ನಾಲ್ಕೇ ಪದ ಸೇರಿಸಿ. ಅರದಾಳ ಅಂದರೆ ನಮ್ಮ ಕಡೆ ವಯಸ್ಸಾದವರಿಗೆ ಇನ್ನೂ ಗೊತ್ತಾಗುತ್ತದೆ.

ಗಿರಾಕಿಯ ಕಲ್ಲು ಅಂಗಡಿಯಲ್ಲೇ ಇದೆ. ಕಬ್ಬಿಣದ್ದು ಅಂದ ಕೂಡಲೇ ಅವರು “ಹಾಗಾದ್ರೆ ಇಲ್ಲೇ ಇರಲಿ” ಅಂತ ಬಿಟ್ಟು, ಪಹಣಿಯ ಎರಡು ಪ್ರತಿ ತೆಗೆದುಕೊಂಡು ಹೋದರು. ಗಾಳಿಗೆ ಕಾಗದ ಹಾರದ ಹಾಗೆ ಇಡಲು ಬರುತ್ತದೆ.

ಇಂತಿ ನಿಮ್ಮ ಓದುಗ,
ಜೆರಾಕ್ಸ್ ಅಂಗಡಿಯವನು, ಶಿವಮೊಗ್ಗ