ಕೈಕೆಳಗೆ ಬಂದ ಹುಡುಗನ ವಿಷಯವಾಗಿ ಅಳಿಯನಿಗೆ

ಮಲ್ಪೆ, ಉಡುಪಿ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನೀನು ಪೆಟಿ ಆಫೀಸರ್ ಆದ ಸುದ್ದಿಯನ್ನೂ, ಐಎನ್‌ಎಸ್ ಸಾತವಾಹನವೆಂಬ ನೌಕಾಪಡೆಯ ಶಾಲೆಯಲ್ಲಿ ತರಬೇತಿ ಮುಗಿಸಿ ನಿಮ್ಮ ಸಬ್‌ಮರೀನಿಗೆ ಬಂದ ಹೊಸ ಹುಡುಗನೊಬ್ಬನನ್ನು ತಯಾರು ಮಾಡುವ ಹೊಣೆ ನಿನ್ನ ಮೇಲೆ ಬಿದ್ದಿರುವುದನ್ನೂ ಅಕ್ಕ ಹೇಳಿದಳು. ಬಡ್ತಿಗಿಂತ ಆ ಹೊಣೆಯೇ ದೊಡ್ಡದೆಂದು ನನಗೆ ತೋರುವುದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ಪೂರ್ಣ ಸಬ್‌ಮರೀನಿನವನಾದ ಗುರುತಿನ ಡಾಲ್ಫಿನ್ ಬ್ಯಾಡ್ಜ್ ಸಿಗಬೇಕಾದರೆ ಅವನು ಗಾಳಿ, ನೀರು, ಹೈಡ್ರಾಲಿಕ್ ಎಣ್ಣೆಯ ಪ್ರತಿಯೊಂದು ಪೈಪನ್ನೂ ಗುರುತಿಸಿ ಪರೀಕ್ಷೆ ಮಾಡುವ ಬೋರ್ಡಿನ ಮುಂದೆ ಉತ್ತರಿಸಬೇಕಷ್ಟೆ. ಅವನು ಒಂದು ವಾಲ್ವಿನ ಹೆಸರು ಕೇಳಿದಾಗ ಹೇಳಿ ಕಳುಹಿಸಿಬಿಡುವುದು ಸುಲಭ. ವಾಚ್ ಪಾಳಿ ಮುಗಿಸಿ ಮಲಗುವ ಬಂಕ್ ಹುಡುಕುವ ಹೊತ್ತಿನಲ್ಲಂತೂ ಇನ್ನೂ ಸುಲಭ. ಹಾಗೆ ಮಾಡಬೇಡ. ಕೈಗೆ ಟಾರ್ಚ್ ಕೊಟ್ಟು, ಆ ಪೈಪು ಎಲ್ಲಿಂದ ಹೊರಟು, ಯಾವ ಗೋಡೆಯನ್ನು ದಾಟಿ, ಎಲ್ಲಿ ಮುಗಿಯುತ್ತದೆಂದು ಮುಟ್ಟಿ ನೋಡಿಕೊಂಡು ಬರಲು ಹೇಳು. ಆಮೇಲೆ ಟಾರ್ಚನ್ನೂ ತೆಗೆದುಕೊಂಡು, ಕತ್ತಲಲ್ಲಿ ಅದೇ ವಾಲ್ವಿನ ಮೇಲೆ ಕೈಯಿಡಿಸು. ನಾನು ಸಬ್‌ಮರೀನಿಗೆ ಹೊಸಬನಾಗಿದ್ದಾಗ ನನಗೆ ಕಲಿಸಿದ ಹಿರಿಯ ನಾವಿಕ, ಅಂದರೆ ಚೀಫ್, ಮಲಯಾಳಿ; ಅವರ ಹಿಂದಿಯೂ ಅಷ್ಟಕ್ಕಷ್ಟೆ, ನನ್ನದೂ ಅಷ್ಟಕ್ಕಷ್ಟೆ, ಹೀಗಾಗಿ ಪಾಠವೆಲ್ಲ ಕೈಬೆರಳಿನಲ್ಲೇ ನಡೆಯಿತು. ಅದು ಒಳ್ಳೆಯದೇ ಆಯಿತೆಂದು ಈಗಲೂ ನನ್ನ ಅಭಿಪ್ರಾಯ. 100 ಮೀಟರ್ ಆಳದಲ್ಲಿ ಸಮುದ್ರವು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 10 ಕಿಲೋ ಭಾರ ಹಾಕುತ್ತದೆ. ಅಲ್ಲಿ ಒಂದು ಪೈಪು ಬಿರಿದರೆ ಸಿಡಿಯುವ ನೀರಿನ ತುಂತುರಿನಲ್ಲಿ ಎದುರಿನದು ಕಾಣುವುದಿಲ್ಲ. ಅಡುಗೆಯವನಿರಲಿ, ಸೋನಾರ್ ಯಂತ್ರದಲ್ಲಿ ಸದ್ದು ಆಲಿಸುವವನಿರಲಿ, ಹತ್ತಿರವಿದ್ದವನೇ ವಾಲ್ವ್ ಮುಚ್ಚಬೇಕು.

ಇದಕ್ಕಿಂತ ಮುಖ್ಯವಾದದ್ದು ಅವನು ನಿನಗೆ ಹೆದರದಂತೆ ನೋಡಿಕೊಳ್ಳುವುದು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ; ಗಾಳಿಯಲ್ಲಿ ಅದು ಶೇಕಡಾ 4 ತಲುಪಿದರೆ ಒಂದು ಕಿಡಿ ಸಾಕು. ಆದ್ದರಿಂದ ಮೀಟರಿನಲ್ಲಿ ಕಂಡ ಅಂಕಿಯನ್ನೇ ಲಾಗ್ ಪುಸ್ತಕದಲ್ಲಿ ಬರೆಯುವ ಹುಡುಗ ನಮಗೆ ಬೇಕು. ಬೈಗುಳಕ್ಕೆ ಅಂಜುವವನು ಓದುವುದನ್ನು ಮರೆತಿದ್ದರೆ ಹಿಂದಿನ ತಾಸಿನ ಅಂಕಿಯನ್ನೇ ಮತ್ತೊಮ್ಮೆ ಬರೆಯುತ್ತಾನೆ, ತಿಳಿಯದ ಸ್ವಿಚ್ಚನ್ನು ತಿಳಿದವನಂತೆ ಒತ್ತುತ್ತಾನೆ. ಹೊಸಬರನ್ನು ಎಲ್ಲರೆದುರು ಗೇಲಿ ಮಾಡಿ ಗಟ್ಟಿ ಮಾಡುತ್ತೇವೆ ಎನ್ನುವ ಹಿರಿಯರು ಎಲ್ಲ ಕಾಲದಲ್ಲೂ ಇದ್ದಾರೆ. ಅವರ ಕೈಯಲ್ಲಿ ಗಟ್ಟಿಯಾಗುವುದು ಸುಳ್ಳು ಮಾತ್ರ. ಗೊತ್ತಿಲ್ಲವೆಂದು ಅವನು ಹೇಳಿದ ದಿನ ಅವನನ್ನು ಹತ್ತಿರ ಕೂರಿಸಿಕೊಂಡು ಕಲಿಸು. ಸುಳ್ಳು ಅಂಕಿ ಬರೆದ ದಿನ ಮಾತ್ರ ಯಾವ ದಾಕ್ಷಿಣ್ಯವೂ ಬೇಡ, ಮೇಲಿನವರಿಗೆ ತಿಳಿಸು.

ವಿಶಾಖಪಟ್ಟಣದಲ್ಲಿ ಬಿಡುವಿದ್ದಾಗ ಆರ್.ಕೆ. ಬೀಚಿನಲ್ಲಿ ಮ್ಯೂಸಿಯಂ ಆಗಿರುವ ಕುರ್ಸುರಾ ಸಬ್‌ಮರೀನಿಗೆ ಅವನನ್ನು ಕರೆದುಕೊಂಡು ಹೋಗು. 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತವಾದ ಆ ಹಳೆಯ ಸಬ್‌ಮರೀನಿನ ಯಂತ್ರಗಳು ನಿಮ್ಮವುಗಳಂತಿಲ್ಲ, ಆದರೂ ವಾಚಿನ ಅವಸರವಿಲ್ಲದೆ ನಿಂತು ವಿವರಿಸಲು ಅದಕ್ಕಿಂತ ಅನುಕೂಲದ ಜಾಗವಿಲ್ಲ. ಪ್ರವಾಸಿಗರ ಗದ್ದಲವನ್ನು ಸಹಿಸಿಕೊಳ್ಳಬೇಕು, ಅಷ್ಟೆ.

ಇನ್ನು ಅವನ ಮನೆಯ ವಿಷಯ. ಇಲ್ಲಿ ಮಲ್ಪೆಯಲ್ಲಿ ಬೋಟ್ ತಡವಾದರೆ ಬಂದರಿನಲ್ಲಿ ವಿಚಾರಿಸಬಹುದು. ನಮ್ಮ ಕೆಲಸದವರ ಮನೆಯವರಿಗೆ ವಿಚಾರಿಸಲು ಜಾಗವೇ ಇಲ್ಲ. ಎಂದು ಹೊರಡುತ್ತೇವೆ, ಎಲ್ಲಿಗೆ, ಎಂದು ಮರಳುತ್ತೇವೆ ಎಂಬುದನ್ನು ಹೆತ್ತವರಿಗೂ ಹೇಳುವಂತಿಲ್ಲವೆಂದು ಅವನಿಗೆ ಬಿಡಿಸಿ ಹೇಳು. ಆದರೆ ಅಷ್ಟಕ್ಕೇ ನಿಲ್ಲಿಸಬೇಡ. ಕೆಲವು ದಿನ ಫೋನ್ ಬಾರದಿದ್ದರೆ ಗಾಬರಿಯಾಗಬಾರದೆಂದು ತಾಯಿಗೆ ಮೊದಲೇ ತಿಳಿಸಿದ್ದಾನೆಯೇ, ಮನೆಗೆ ಹಣ ಹೋಗುವ ಏರ್ಪಾಡಾಗಿದೆಯೇ ಎಂದು ನೀನೇ ವಿಚಾರಿಸಿಕೊ. ಹೊಸಬರು ಇವನ್ನೆಲ್ಲ ತಾವಾಗಿ ಹೇಳುವುದಿಲ್ಲ.

ಮುಂದಿನ ರಜೆಯಲ್ಲಿ ಅವನನ್ನೂ ಊರಿಗೆ ಕರೆತರುವೆಯೆಂದು ಅಕ್ಕನಿಗೆ ಹೇಳಿದೆಯಂತೆ. ಧಾರಾಳವಾಗಿ ಬರಲಿ, ಆದರೆ ಬೋರ್ಡ್ ಮುಗಿಸಿಕೊಂಡೇ ಬರಲಿ.

ಇತಿ,
ನಿನ್ನ ಸೋದರಮಾವ