ಅಡ್ವಾನ್ಸ್ ಕೊಡುವ ಮುಂಚೆ, ಮಗಳಿಗೊಂದು ಪತ್ರ

ಪುಟ್ಟಿ,

ಕೆಲಸ ಬಿಟ್ಟು ಮಿಠಾಯಿ ಅಂಗಡಿ ಇಡ್ತೀನಿ ಅಂತ ನೀನು ಹೇಳಿದಾಗ ನನ್ನ ದನಿ ಜೋರಾಯಿತು. ಬೇಜಾರು ಮಾಡಿಕೊಳ್ಳಬೇಡ, ಭಯಕ್ಕೆ ಹಾಗೆ ಮಾತಾಡಿದೆ. ಚಿಕ್ಕವಳಿದ್ದಾಗ ಗಾಜಿನ ಭರಣಿಗಳ ಮುಂದೆ ನೀನು ನಿಲ್ಲುತ್ತಿದ್ದ ಕಥೆ ಇಬ್ಬರಿಗೂ ಗೊತ್ತು, ಅದು ಬಿಡು.

ಅವತ್ತಿನಿಂದ ಇಂಥ ಅಂಗಡಿಗಳ ಚರಿತ್ರೆಯನ್ನೇ ಓದುತ್ತಿದ್ದೇನೆ. ಫ್ರ್ಯಾಂಕ್ ವುಲ್‌ವರ್ತ್ ಅನ್ನುವವನು ತಲೆಯಲ್ಲಿ ಕೂತುಬಿಟ್ಟಿದ್ದಾನೆ. 1879ರಲ್ಲಿ ಅಮೆರಿಕದ ಯುಟಿಕಾದಲ್ಲಿ ಎಲ್ಲದಕ್ಕೂ ಐದೇ ಸೆಂಟು ಅಂತ ಅಂಗಡಿ ತೆರೆದ. ಕೆಲವೇ ತಿಂಗಳಲ್ಲಿ ಮುಚ್ಚಬೇಕಾಯಿತು. ಅದೇ ವರ್ಷ ಜೂನ್‌ನಲ್ಲಿ ಲ್ಯಾಂಕಾಸ್ಟರ್‌ಗೆ ಹೋಗಿ ಮತ್ತೆ ಶುರು ಮಾಡಿದ, ಅದು ಕೈಹಿಡಿಯಿತು. ಎಲ್ಲರೂ ಲ್ಯಾಂಕಾಸ್ಟರ್ ಕಥೆ ಹೇಳುತ್ತಾರೆ. ನನಗೆ ಯುಟಿಕಾ ದಾಟಿ ಮುಂದೆ ಹೋಗಲು ಆಗುತ್ತಿಲ್ಲ. ಮನುಷ್ಯ ಅವನೇ, ಬೆಲೆ ಅದೇ, ಜಾಗ ಮಾತ್ರ ಬೇರೆ. ಬಾಗಿಲು ಹಾಕಿದ ರಾತ್ರಿ ಅವನಿಗೆ ಊಟ ಸೇರಿತೋ ಇಲ್ಲವೋ. ಮನೆಯವರಿಗೆ ಏನು ಹೇಳಿದನೋ. ಅದಕ್ಕೇ ಕೇಳುತ್ತೇನೆ: ನೀನು ನೋಡಿರುವ ಮಳಿಗೆಯ ಮುಂದೆ ಸಂಜೆ ಯಾರು ಓಡಾಡುತ್ತಾರೆ? ಶಾಲೆ ಬಿಟ್ಟ ಮಕ್ಕಳು ಆ ಕಡೆ ಬರುತ್ತಾರಾ? ಒಂದು ವಾರ ಅಲ್ಲೇ ನಿಂತು ನೋಡು.

ಈ ವ್ಯಾಪಾರ ಬೆಳೆದದ್ದೇ ಮಕ್ಕಳ ಚಿಲ್ಲರೆಯಿಂದ. 1847ರಲ್ಲಿ ಬಾಸ್ಟನ್‌ನ ಔಷಧಿ ವ್ಯಾಪಾರಿ ಆಲಿವರ್ ಚೇಸ್ ಮಿಠಾಯಿ ಬಿಲ್ಲೆ ಕತ್ತರಿಸುವ ಯಂತ್ರ ಮಾಡಿದ. ಬ್ರಿಟನ್ 1874ರಲ್ಲಿ ಸಕ್ಕರೆ ತೆರಿಗೆ ತೆಗೆಯಿತು. ಹೀಗೆ ಅಗ್ಗವಾಗುತ್ತಾ ಬಂದು ಮಗುವಿನ ಪುಡಿಗಾಸಿಗೂ ಮಿಠಾಯಿ ಸಿಗುವ ಹಾಗಾಯಿತು.

ಗಿರಾಕಿಗಳು ತಾವೇ ಬುಟ್ಟಿಗೆ ಹಾಕಿಕೊಳ್ಳಲಿ ಅಂದೆಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ದಿನಸಿ ಅಂಗಡಿಯಲ್ಲಿ ಆ ಪದ್ಧತಿ ತಂದ. ದೊಡ್ಡ ಅಂಗಡಿಗೆ ಸರಿ, ನಿನಗೆ ಬೇಡ. ಕಾಸು ಬಿಗಿಹಿಡಿದ ಮಗು ಒಂದು ಭರಣಿ ತೋರಿಸುತ್ತೆ, ಬೇಡ ಅನ್ನುತ್ತೆ, ಇನ್ನೊಂದು ತೋರಿಸುತ್ತೆ. ನೀನು ಕಾಯಬೇಕು. ಹಿಂದೆ ಸಾಲಿದ್ದರೂ ಗದರಬೇಡ. ತಕ್ಕಡಿ ಮಗುವಿಗೆ ಕಾಣುವ ಹಾಗಿರಲಿ. ಭರಣಿಗಳನ್ನು ಬಿಸಿಲಿಗೆ ಇಡಬೇಡ. ತೇವ ಹಿಡಿದರೆ ಸಕ್ಕರೆ ಪಾಕದ ಮಿಠಾಯಿ ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತೆ, ಮುಚ್ಚಳ ಬಿಗಿಯಾಗಿರಲಿ. ಉದ್ರಿ ಕೊಟ್ಟರೆ ಅವತ್ತೇ ಬರೆದಿಡು. ಪಾಠ ಜಾಸ್ತಿಯಾಯಿತು ಅಲ್ವಾ? ಇರಲಿ, ಓದು.

ಧೈರ್ಯ ಬಂದದ್ದೂ ಓದಿನಿಂದಲೇ. ಇಂಗ್ಲೆಂಡಿನ ಪೇಟ್ಲಿ ಬ್ರಿಡ್ಜ್ ಅನ್ನುವ ಪುಟ್ಟ ಊರಿನಲ್ಲಿ 1827ರಲ್ಲಿ ತೆರೆದ ಮಿಠಾಯಿ ಅಂಗಡಿ ಈಗಲೂ ನಡೆಯುತ್ತಿದೆಯಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮಿಠಾಯಿಗೂ ರೇಷನ್ ಇತ್ತು. 1949ರ ಏಪ್ರಿಲ್‌ನಲ್ಲಿ ಅದನ್ನು ತೆಗೆದಾಗ ಜನ ಮುಗಿಬಿದ್ದು, ಮಾಲು ಸಾಲದೆ, ಆಗಸ್ಟ್‌ನಲ್ಲಿ ರೇಷನ್ ಮತ್ತೆ ತಂದರು. ಕೊನೆಗೆ ಹೋದದ್ದು 1953ರಲ್ಲಿ. ಅದನ್ನೂ ದಾಟಿಕೊಂಡು ಬಂದ ಅಂಗಡಿ ಅದು.

ನೀನು ಕಳಿಸಿದ ಖರ್ಚಿನ ಲೆಕ್ಕ ನೋಡಿದೆ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀಯ! ಹೆಮ್ಮೆಯಾಯಿತು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ನನಗೊಂದು ಪ್ರತಿ ಕಳಿಸು. ಅಡ್ವಾನ್ಸ್‌ಗೆ ಎಷ್ಟು ಕಡಿಮೆ ಬೀಳುತ್ತೆ ಅಂತಾನೂ ಬರಿ.

ನಿನ್ನ ಅಮ್ಮ