ಕೊರತೆ ಬಂದೂಕಿನದಲ್ಲ, ತೋಟಾದ್ದು

ಮಾನ್ಯ ಸಂಪಾದಕರೇ,

ಆಫ್ರಿಕಾದ ಸೈನ್ಯಗಳು ‘ಈಟಿ ಹಿಡಿದು ಫಿರಂಗಿಗೆ ಎದೆಯೊಡ್ಡಿದವು’ ಎಂದು ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಬಂದಿದೆ. ಹೊಗಳಿಕೆಯಂತೆ ಕಂಡರೂ ಈ ಮಾತು ಅವರನ್ನು ತಿಳಿಗೇಡಿಗಳ ಸಾಲಿಗೆ ಕೂರಿಸುತ್ತದೆ.

ಪಶ್ಚಿಮ ಆಫ್ರಿಕಾದ ದೊರೆ ಸಮೋರಿ ತೂರೆ 1882ರಿಂದ 1898ರವರೆಗೆ ಫ್ರೆಂಚರನ್ನು ಎದುರಿಸಿದ. ಅವನ ಕಮ್ಮಾರರು ಫ್ರೆಂಚ್ ಬಂದೂಕನ್ನು ಬಿಚ್ಚಿ ನೋಡಿ, ಕುಲುಮೆಯಲ್ಲಿ ಅಂಥದ್ದನ್ನೇ ಬಡಿದು ತಯಾರಿಸುತ್ತಿದ್ದರು. ಬಂದೂಕು ಹೇಗೋ ಆದೀತು, ತೋಟಾ ಹಾಗಲ್ಲ. ಹಿತ್ತಾಳೆ ಕೊಳವೆ ಒಂದೆಳೆ ದಪ್ಪವಾದರೆ ಬಂದೂಕಿನೊಳಗೆ ಕೂರದು. ತೆಳುವಾದರೆ ಸಿಡಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ತಳದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಹಾರಿಸುವ ಕೇಪು ಬೇಕು, ಅದರ ರಾಸಾಯನಿಕ ಊರ ಕುಲುಮೆಯಲ್ಲಿ ಹುಟ್ಟುವಂಥದ್ದಲ್ಲ. ನಾಟಿ ಸಿಡಿಮದ್ದು ಬಳಸಿದರೆ ನಾಲ್ಕಾರು ಗುಂಡಿಗೇ ನಳಿಗೆಯಲ್ಲಿ ಮಸಿ ಕಟ್ಟುತ್ತದೆ.

ಯುರೋಪಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1890ರ ಬ್ರಸೆಲ್ಸ್ ಒಪ್ಪಂದ ಗುಲಾಮ ವ್ಯಾಪಾರ ತಡೆಯುವ ಹೆಸರಿನಲ್ಲಿ, ಆಫ್ರಿಕಾದಲ್ಲಿ ಉತ್ತರ ಅಕ್ಷಾಂಶ 20 ಡಿಗ್ರಿಯಿಂದ ದಕ್ಷಿಣದ 22 ಡಿಗ್ರಿಯವರೆಗೆ ಹೊಸ ಮಾದರಿ ಬಂದೂಕು, ತೋಟಾಗಳ ಮಾರಾಟವನ್ನು ಬಿಗಿಗೊಳಿಸಿತು. ಹಳೇ ಚಕಮಕಿ ಬಂದೂಕಿಗೆ ಮಾತ್ರ ಸಡಿಲಿಕೆ! ನಮ್ಮ ಸೀಮೆಯವರಿಗೆ ಈ ವರಸೆ ಹೊಸದಲ್ಲ. 1857ರಲ್ಲಿ ಹಲಗಲಿಯ ಬೇಡರು ತಿರುಗಿಬಿದ್ದದ್ದು ಹತಾರ ಒಪ್ಪಿಸಿರೆಂಬ ಹುಕುಮಿನ ಮೇಲೆಯೇ.

ಇಥಿಯೋಪಿಯಾದ ಚಕ್ರವರ್ತಿ ಎರಡನೇ ಮೆನೆಲಿಕ್ ಈ ಬಲೆಯಿಂದ ನುಣುಚಿಕೊಂಡ. ಯುರೋಪಿನ ದೇಶಗಳ ಪೈಪೋಟಿಯನ್ನು ಬಳಸಿಕೊಂಡು, ಮುಂದೆ ಯಾರ ಮೇಲೆ ಯುದ್ಧಕ್ಕಿಳಿದನೋ ಆ ಇಟಲಿಯಿಂದಲೂ ಬಂದೂಕು ತರಿಸಿಕೊಂಡಿದ್ದ. ಇಟಲಿಯವರ ಕೈಲಿದ್ದ ಮೆಕೆಲೆ ಕೋಟೆಗೆ ಮುತ್ತಿಗೆ ಬಿದ್ದಾಗ ಮೆನೆಲಿಕ್‌ನ ರಾಣಿ ತಾಯ್ತು ಕೋಟೆಗೆ ನೀರು ಸಿಗುತ್ತಿದ್ದ ಜಾಗವನ್ನೇ ಹಿಡಿಸಿದಳು. ಬಾಯಾರಿ ಬೇಸತ್ತ ಇಟಾಲಿಯನ್ನರು 1896ರ ಜನವರಿಯಲ್ಲಿ ಕೋಟೆ ಬಿಟ್ಟರು. ಕೊನೆಯ ಕಾಳಗ ನಡೆದ ಅಡುವಾದ ಬಳಿಯಂತೂ ಇಬ್ಬರಿಗೂ ದಿನಸಿ ತೀರುತ್ತ ಬಂದಿತ್ತು. ಒಂದು ಲಕ್ಷದಷ್ಟಿದ್ದ ಮೆನೆಲಿಕ್‌ನ ದಂಡು ಅಲ್ಲಿ ಹೆಚ್ಚು ದಿನ ನಿಲ್ಲುವಂತಿರಲಿಲ್ಲ. ಇನ್ನೊಂದಿಷ್ಟು ದಿನ ಕಾದಿದ್ದರೆ ಇಟಲಿಯ ಜನರಲ್ ಬರಾತಿಯೇರಿಗೆ ಯುದ್ಧವೇ ಬೇಕಾಗುತ್ತಿರಲಿಲ್ಲವೇನೋ. ಆದರೆ ರೋಮ್ ಅವಸರಪಡಿಸಿತು. ಬರಾತಿಯೇರಿ ಸುಮಾರು 17,000 ಜನರನ್ನು ನಾಲ್ಕು ಬ್ರಿಗೇಡುಗಳಾಗಿ ರಾತ್ರಿಯಲ್ಲಿ ಗುಡ್ಡದ ದಾರಿಗೆ ಇಳಿಸಿದ. ನಕ್ಷೆಯಲ್ಲಿ ಕಿದಾನೆ ಮೆಹ್ರೆತ್ ಗುಡ್ಡದ ಜಾಗವೇ ತಪ್ಪಾಗಿತ್ತು. ಹಾಗಾಗಿ ಆ ನಾಲ್ಕರಲ್ಲಿ ಅಲ್ಬರ್ತೋನೆಯ ಬ್ರಿಗೇಡು ಮುಂದೆ ಹೋಗಿ ಒಂಟಿಯಾಯಿತು. ಒಂದೊಂದಾಗಿ ಬಂದ ಬ್ರಿಗೇಡುಗಳನ್ನು ಮೆನೆಲಿಕ್‌ನವರು ಒಂದೊಂದಾಗಿಯೇ ಮುರಿದರು.

ಎದುರಾಳಿಯ ನಕ್ಷೆಯ ತಪ್ಪು ನೆರವಾಯಿತು ನಿಜ. ಆದರೆ ಆ ತಪ್ಪನ್ನು ಬಳಸಿಕೊಳ್ಳುವಷ್ಟು ತೋಟಾ ಮೆನೆಲಿಕ್‌ನ ಸೈನಿಕರ ಸೊಂಟದಲ್ಲಿತ್ತು.

ಪುರವಣಿಯಲ್ಲಿ ಅಡುವಾ ಯುದ್ಧದ ವರ್ಷ 1898 ಎಂದು ಅಚ್ಚಾಗಿದೆ. ಅದು 1896ರ ಮಾರ್ಚ್ 1 ಆಗಬೇಕು, ದಯವಿಟ್ಟು ತಿದ್ದುಪಡಿ ಹಾಕಿ.

– ನಿವೃತ್ತ ಇತಿಹಾಸ ಉಪನ್ಯಾಸಕ, ಗದಗ